ಖಾಲಿ ಪಟ್ಟಿಗೂ ಬೆಲೆ: ದೆನಾ’ಇನಾ ಕ್ರಿಯಾಪದದ ಫಲಕ ಮಾಡಿಕೊಟ್ಟ ದಾವಣಗೆರೆಯ ಮುದ್ರಣಾಲಯ

ದಾವಣಗೆರೆಯ ಜಯದೇವ ವೃತ್ತದಿಂದ ನಡೆದೇ ಹೋಗಬಹುದಾದ ಒಂದು ಅಡ್ಡರಸ್ತೆಯಲ್ಲಿ, ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರಗಳನ್ನು ಅಚ್ಚು ಹಾಕಿಕೊಡುವ ಸಣ್ಣ ಮುದ್ರಣಾಲಯವೊಂದಿದೆ. ಈ ವರ್ಷದ ಫೆಬ್ರವರಿಯಲ್ಲಿ ನಾನು ಅಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಒಂದು ಬೋಧನಾ ಫಲಕವನ್ನು ಮಾಡಿಸಿದೆ. ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸನ್‌ಬೋರ್ಡ್, ಅದರಲ್ಲಿ ಸಾಲಾಗಿ ಏಳು ಕಿಂಡಿಗಳು, ಬಲತುದಿಯಲ್ಲಿ ಎಂಟನೆಯದು, ಪ್ರತಿ ಕಿಂಡಿಯಲ್ಲಿಯೂ ಮೇಲಕ್ಕೂ ಕೆಳಕ್ಕೂ ಸರಿಯುವ, ಲ್ಯಾಮಿನೇಷನ್ ಮಾಡಿದ ಪಟ್ಟಿ. ಅದರ ಮೇಲೆ ಅಚ್ಚಾಗಿರುವುದು ಕನ್ನಡದ ವ್ಯಾಕರಣವಲ್ಲ. ಅಲಾಸ್ಕಾದ ದಕ್ಷಿಣ ಭಾಗದಲ್ಲಿ, ಕುಕ್ ಇನ್‌ಲೆಟ್ ಎಂಬ ಕಡಲ ಚಾಚಿನ ಸುತ್ತ ಬಾಳಿಕೊಂಡು ಬಂದಿರುವ ಜನರ ದೆನಾ’ಇನಾ ಭಾಷೆಯಲ್ಲಿ ಕ್ರಿಯಾಪದ ಹೇಗೆ ಕೂಡಿಕೊಳ್ಳುತ್ತದೆ ಎಂಬ ವಿವರ. ಇಂಥ ಕೆಲಸವನ್ನು ನಮ್ಮ ಊರಿನಲ್ಲಿ ಯಾರು ಮಾಡಿಕೊಡುತ್ತಾರೆ ಎಂದು ಹುಡುಕುವ ಮೇಷ್ಟ್ರುಗಳು ಇನ್ನೂ ಕೆಲವರಾದರೂ ಇರುತ್ತಾರೆ. ಅವರಿಗೆ ಉಪಯೋಗವಾಗಲೆಂದು, ಅಲ್ಲಿ ಏನು ಚೆನ್ನಾಗಿ ಆಯಿತು, ಎಲ್ಲಿ ಕೊರತೆ ಉಳಿಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕನ್ನಡ ಮೇಷ್ಟ್ರಿಗೆ ಅಲಾಸ್ಕಾದ ಭಾಷೆ ಏಕೆ ಬೇಕಾಯಿತು ಎಂಬುದನ್ನು ಮೊದಲೇ ಹೇಳಬೇಕು. ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಎಂಬ ಮಾತುಗಳನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ‘ಓಡಿಸಿದೆವು’ ಎಂಬ ಪದವನ್ನು ಓಡು, ಇಸು, ದ, ಎವು ಎಂದು ಬಿಡಿಸಿ ಬರೆದು ಅಂಕ ಪಡೆಯುತ್ತಾರೆ. ಆದರೆ ಧಾತು ಮೊದಲು ಬಂದು, ಮಾಡಿಸುವ ಅರ್ಥ, ಕಾಲ, ಕರ್ತೃ ಇವೆಲ್ಲ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಲ್ಲುವುದು ಒಂದು ವಿಶೇಷವಾದ ಏರ್ಪಾಡು ಎಂದು ಅವರಿಗೆ ಅನ್ನಿಸುವುದೇ ಇಲ್ಲ, ಏಕೆಂದರೆ ಬೇರೆ ಏರ್ಪಾಡನ್ನು ಅವರು ಕಂಡಿಲ್ಲ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳೂ ನನ್ನ ತರಗತಿಯಲ್ಲಿದ್ದಾರೆ. ಆ ಭಾಷೆಗಳಲ್ಲಿಯೂ ಕರ್ತೃವನ್ನು ತೋರಿಸುವ ತುಣುಕು ಕ್ರಿಯಾಪದದ ಕೊನೆಗೇ ಬರುತ್ತದೆ. ಸಂಸ್ಕೃತದ ಉಪಸರ್ಗಗಳನ್ನು ತೋರಿಸಬಹುದು. ಹೃ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪರಿಹಾರ ಹುಟ್ಟುವುದನ್ನು ಹೇಳಿದರೆ ಮಕ್ಕಳು ಬೆರಗಾಗುತ್ತಾರೆ. ಆದರೆ ಅಲ್ಲಿಯೂ ಮುಂದೆ ಬರುವುದು ಉಪಸರ್ಗ ಮಾತ್ರ, ಮಾಡುವವನು ಯಾರೆಂಬುದು ಹಿಂದೆಯೇ ಉಳಿಯುತ್ತದೆ. ದಿಕ್ಕು, ಕರ್ಮ, ಕರ್ತೃ, ಮಾಡಿಸುವ ಅರ್ಥ ಎಲ್ಲವೂ ಧಾತುವಿನ ಮುಂದೆಯೇ ಕಿಕ್ಕಿರಿದು, ಧಾತು ಕಟ್ಟಕಡೆಗೆ ಬರುವ ಭಾಷೆಯನ್ನು ತೋರಿಸಿದಾಗಲೇ ನಮ್ಮ ಮಕ್ಕಳಿಗೆ ತಮ್ಮದೇ ‘ಓಡಿಸಿದೆವು’ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೆನಾ’ಇನಾ ಅಂಥ ಭಾಷೆ. ಅದು ಅಥಬಾಸ್ಕನ್ ಕುಟುಂಬಕ್ಕೆ ಸೇರಿದ್ದು. ಅಮೆರಿಕದ ನೈರುತ್ಯ ಭಾಗದ ನವಾಹೊ ಭಾಷೆ ಇದರ ದೂರದ ಸೋದರಿ. ನಾನು ಫಲಕಕ್ಕೆ ಬರೆದುಕೊಟ್ಟ ಸರಳಗೊಳಿಸಿದ ನಕ್ಷೆಯಲ್ಲಿ ಎಡದಿಂದ ಮೊದಲನೆಯ ಕಿಂಡಿ ದಿಕ್ಕು ಅಥವಾ ರೀತಿಯನ್ನು ಹೇಳುವ ಪೂರ್ವಪ್ರತ್ಯಯಕ್ಕೆ, ಎರಡನೆಯದು ‘ಮತ್ತೆ, ಹಿಂದಕ್ಕೆ’ ಎಂಬ ಅರ್ಥ ತರುವ ‘ನು’ ಎಂಬುದಕ್ಕೆ. ಅಲ್ಲೊಂದು ದಪ್ಪ ಗೆರೆ. ಗೆರೆಯ ಒಳಗಿನ ಮೂರನೆಯ ಕಿಂಡಿ ಕರ್ಮಕ್ಕೆ, ನಾಲ್ಕನೆಯದು ವಸ್ತು ಯಾವ ಬಗೆಯದು ಎಂಬುದಕ್ಕೆ, ಐದನೆಯದು ಕ್ರಿಯೆ ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದಕ್ಕೆ, ಆರನೆಯದು ಕರ್ತೃವಿಗೆ, ಏಳನೆಯದು ಪಂಡಿತರು ಇಂದಿಗೂ ‘ವರ್ಗಸೂಚಕ’ ಎಂಬ ಹಳೆಯ ಹೆಸರಿನಿಂದಲೇ ಕರೆಯುವ, ಆದರೆ ಯಾವ ವರ್ಗವನ್ನೂ ಸೂಚಿಸದ ಒಂದು ಪುಟ್ಟ ಧ್ವನಿಗೆ. ಎಂಟನೆಯದರಲ್ಲಿ ಧಾತು. ವಿದ್ವಾಂಸರ ನಕ್ಷೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಸ್ಥಾನಗಳಿರುತ್ತವೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಏಳು ಸಾಕು.

ಈ ನಕ್ಷೆಯನ್ನು ಮೊದಲು ಕೊಟ್ಟದ್ದು ಬೇರೊಂದು ಅಂಗಡಿಗೆ. ಅದರ ಹೆಸರು ಇಲ್ಲಿ ಬೇಡ. ದೆನಾ’ಇನಾ ಬರವಣಿಗೆಗೆ ಬಳಸುವುದು ಇಂಗ್ಲಿಷಿನ ಅಕ್ಷರಗಳನ್ನೇ, ಆದರೆ ಅವುಗಳ ಜೊತೆಗೆ ನಡುವೆ ಅಡ್ಡಗೀಟು ಹೊಡೆದ ಒಂದು ‘ಎಲ್’ ಇದೆ, ಮತ್ತು ಹಲವು ವ್ಯಂಜನಗಳ ಪಕ್ಕದಲ್ಲಿ ಒಂದು ಮೇಲುಗೀಟು ಬರುತ್ತದೆ. ಆ ಅಂಗಡಿಯವರು ನನ್ನ ಕಡತವನ್ನು ತಮ್ಮ ಹಳೆಯ ಕನ್ನಡ ಅಕ್ಷರಶೈಲಿಗೆ ಇಳಿಸಿಕೊಂಡಾಗ ಅಡ್ಡಗೀಟಿನ ಅಕ್ಷರ ಮಾಯವಾಯಿತು, ಮೇಲುಗೀಟುಗಳು ಕೆಲವು ಕಡೆ ಉಳಿದು ಕೆಲವು ಕಡೆ ಬಿದ್ದುಹೋದವು. ‘ದೆನಾ’ಇನಾ’ ಎಂಬ ಹೆಸರಿನಲ್ಲಿಯೇ, ‘ನಾ’ ಮತ್ತು ‘ಇ’ ನಡುವೆ ಗಂಟಲಿನಲ್ಲಿ ಉಸಿರು ಒಂದು ಕ್ಷಣ ತಡೆದು ನಿಲ್ಲುವುದನ್ನು ತೋರಿಸುವ ಮೇಲುಗೀಟು ಇರಲಿಲ್ಲ. ನಾನು ಎತ್ತಿ ತೋರಿಸಿದಾಗ, ‘ಅಷ್ಟು ಸಣ್ಣದು ಯಾರಿಗೆ ಕಾಣುತ್ತದೆ’ ಎಂಬ ಉತ್ತರ ಬಂತು. ಮುಂಗಡ ಹಣವನ್ನು ಬಿಟ್ಟು ಬಂದೆ.

ಜಯದೇವ ವೃತ್ತದ ಬಳಿಯ ಈ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ತರುಣಿ ಕಡತ ತೆರೆದವಳೇ ಮೊದಲು ಕೇಳಿದ ಪ್ರಶ್ನೆ, “ಸರ್, ಈ ಎಲ್ ಮೇಲಿರೋ ಗೀಟು ಬೇಕಾ, ತಪ್ಪಾಗಿ ಬಂದಿದ್ದಾ?” ಎಂಬುದಾಗಿತ್ತು. “ಬೇಕೇ ಬೇಕಮ್ಮ, ಅದಿಲ್ಲದಿದ್ದರೆ ಅರ್ಥವೇ ಬೇರೆ” ಎಂದೆ. ಆಕೆ ಅಲ್ಲಿಯೇ ಒಂದು ಹಾಳೆಯಲ್ಲಿ ಆ ಅಕ್ಷರವನ್ನು ದೊಡ್ಡದಾಗಿ ಬರೆದು ಗಣಕಯಂತ್ರದ ಪರದೆಯ ಅಂಚಿಗೆ ಅಂಟಿಸಿಕೊಂಡಳು. ಈ ಒಂದು ಕೆಲಸದಿಂದಲೇ ನನಗೆ ಧೈರ್ಯ ಬಂತು.

ಮಕ್ಕಳಿಗಾಗಿ ಪ್ರತಿ ಪಟ್ಟಿಯಲ್ಲಿಯೂ ಕನ್ನಡ ಲಿಪಿಯ ರೂಪವನ್ನು ಕೊಡಬೇಕಾಗಿತ್ತು. ಆ ಗೀಟಿನ ಎಲ್‌ನ ಉಚ್ಚಾರಣೆ ಹೀಗೆ: ನಾಲಗೆಯನ್ನು ‘ಲ’ ಹೇಳುವಂತೆಯೇ ಹಲ್ಲಿನ ಹಿಂದೆ ಒತ್ತಿ, ಕೊರಳನ್ನು ನಡುಗಿಸದೆ, ಉಸಿರನ್ನು ಮಾತ್ರ ಎರಡು ಬದಿಗಳಿಂದ ಹೊರಬಿಡಬೇಕು. ಕನ್ನಡದಲ್ಲಿ ಅದಿಲ್ಲ. ಮುದ್ರಣಾಲಯದ ಹಿರಿಯರು, ಹಳಗನ್ನಡ ಪಠ್ಯಗಳನ್ನು ಜೋಡಿಸಿದ ಅನುಭವವಿದ್ದವರು, “ಮೇಷ್ಟ್ರೆ, ಹಳೇ ‘ೞ’ ಇದೆಯಲ್ಲ, ಅದನ್ನೇ ಹಾಕೋಣ” ಎಂದರು. ಸಲಹೆ ಚೆನ್ನಾಗಿತ್ತು, ಆದರೆ ೞಕಾರಕ್ಕೆ ತನ್ನದೇ ಧ್ವನಿಯೂ ಚರಿತ್ರೆಯೂ ಇರುವುದರಿಂದ ಒಪ್ಪಲಾಗಲಿಲ್ಲ. ಕೊನೆಗೆ ಪರಭಾಷೆಯ ಧ್ವನಿಗಳಿಗೆ ಜಕಾರ ಫಕಾರಗಳ ಕೆಳಗೆ ಇಡುವ ಎರಡು ಚುಕ್ಕೆಗಳನ್ನು ಲಕಾರದ ಕೆಳಗೂ ಇಟ್ಟು ‘ಲ಼’ ಎಂದು ಮಾಡಿಕೊಂಡೆವು. ಯೂನಿಕೋಡ್ ಅಕ್ಷರಶೈಲಿಯಲ್ಲಿ ಅದು ಸರಿಯಾಗಿ ಕುಳಿತಿತು. ಅಚ್ಚಾದಾಗ ಎರಡೂ ಚುಕ್ಕೆಗಳು ಕೊನೆಯ ಬೆಂಚಿನವರೆಗೆ ಕಾಣುವಷ್ಟು ಸ್ಪಷ್ಟವಾಗಿದ್ದವು.

ಆ ಗೀಟು ಬಿದ್ದರೆ ಅರ್ಥ ಬೇರೆಯಾಗುತ್ತದೆ ಎಂದು ನಾನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಧಾತುವಿಗೆ ತಾಗಿಯೇ ನಿಲ್ಲುವ ಏಳನೆಯ ಸ್ಥಾನದಲ್ಲಿ ನಾಲ್ಕೇ ಆಯ್ಕೆಗಳು: ಏನೂ ಇಲ್ಲದಿರುವುದು, ಗೀಟಿನ ಎಲ್, ಡಿ, ಬರಿಯ ಎಲ್. ಇದರ ಕೆಲಸ ನವಾಹೊ ಭಾಷೆಯಲ್ಲಿ ಬಹಳ ನಿಚ್ಚಳವಾಗಿ ಕಾಣುವುದರಿಂದ ಫಲಕದ ಮೂಲೆಯಲ್ಲಿ ಅದರ ಮೂರು ಪದಗಳನ್ನು ಹಾಕಿಸಿದೆ. ‘ಯಿಬೇಝ್’ ಎಂದರೆ ಕುದಿಯುತ್ತಿದೆ. ‘ಯಿಲ಼್‌ಬೇಝ್’ ಎಂದರೆ ಆತನೋ ಆಕೆಯೋ ಅದನ್ನು ಕುದಿಸುತ್ತಿರುವುದು. ‘ಯಿಲ್‌ಬೇಝ್’ ಎಂದರೆ ಅದನ್ನು ಕುದಿಸಲಾಗುತ್ತಿದೆ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಆ ಗೀಟು ಮಾತ್ರ, ನಮ್ಮ ಫಲಕದಲ್ಲಾದರೆ ಆ ಎರಡು ಚುಕ್ಕೆ. ಕನ್ನಡದಲ್ಲಿ ‘ಕುದಿ’ ಎಂಬುದರ ಹಿಂದೆ ‘ಇಸು’ ಸೇರಿಸಿ ‘ಕುದಿಸು’ ಮಾಡುವ ಕೆಲಸವನ್ನು ಅಲ್ಲಿ ಧಾತುವಿನ ಮುಂದೆ ಒಂದು ಉಸಿರು ಮಾಡುತ್ತದೆ. ಮೊದಲ ಅಂಗಡಿಯವರು ‘ಯಾರಿಗೆ ಕಾಣುತ್ತದೆ’ ಎಂದ ಗೀಟಿನಲ್ಲಿ ಕರ್ತರಿಯೂ ಕರ್ಮಣಿಯೂ ಅಡಗಿದ್ದವು. ಮೇಲುಗೀಟಿನದೂ ಇದೇ ಕಥೆ. ದೆನಾ’ಇನಾದಲ್ಲಿ ‘ಕ್’ ಮತ್ತು ‘ಕ್’’ ಬೇರೆ ಬೇರೆ ವ್ಯಂಜನಗಳು. ಎರಡನೆಯದು ಪೂರ್ವಪ್ರತ್ಯಯವಾಗಿ ಬಂದರೆ ‘ಏನನ್ನೋ’ ಅಥವಾ ‘ಯಾರದೋ’ ಎಂಬ ಅನಿರ್ದಿಷ್ಟ ಅರ್ಥ ಕೊಡುತ್ತದೆ.

ಏನೂ ಇಲ್ಲದಿರುವುದು ಒಂದು ಆಯ್ಕೆ ಎಂದೆನಲ್ಲ, ಅದಕ್ಕೊಂದು ಖಾಲಿ ಪಟ್ಟಿ ಬೇಕಾಗಿತ್ತು. ಕರ್ತೃವಿನ ಕಿಂಡಿಗೆ ಇನ್ನೊಂದು, ಏಕೆಂದರೆ ಪ್ರಥಮ ಪುರುಷದ ಏಕವಚನಕ್ಕೆ ಈ ಕುಟುಂಬದ ಭಾಷೆಗಳಲ್ಲಿ ಸಾಮಾನ್ಯವಾಗಿ ಕರ್ತೃವಿನ ಗುರುತೇ ಇರುವುದಿಲ್ಲ, ಅವನು, ಅವಳು, ಅದು ಎಂಬ ಭೇದವೂ ಇಲ್ಲ. ಹಿರಿಯರು ಲೆಕ್ಕ ಬರೆಯುವಾಗ ಪೆನ್ನು ನಿಲ್ಲಿಸಿ, “ಇದರಲ್ಲಿ ಒಂದಕ್ಷರ ಇಲ್ಲವಲ್ಲ ಮೇಷ್ಟ್ರೆ, ಖಾಲಿ ಪಟ್ಟಿಗೆ ದುಡ್ಡು ಹೇಗೆ ತಗೊಳ್ಳಲಿ?” ಎಂದರು. ನಾನು ಕನ್ನಡದ ‘ಮಾಡು’ ಎಂಬ ಆಜ್ಞೆಯನ್ನು ನೆನಪಿಸಿದೆ. ‘ಮಾಡಿರಿ’ ಎನ್ನುವಾಗ ಪ್ರತ್ಯಯವಿದೆ, ‘ಮಾಡು’ ಎನ್ನುವಾಗ ಏನೂ ಇಲ್ಲ, ಆದರೆ ಆ ಏನೂ ಇಲ್ಲದ್ದರಿಂದಲೇ ಎದುರಿಗೆ ಇರುವವನು ಒಬ್ಬನೇ ಎಂದು ತಿಳಿಯುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಖಾಲಿ ಪಟ್ಟಿಗಳ ಸುತ್ತ ಒಂದು ತೆಳುವಾದ ಚೌಕಟ್ಟು ಅಚ್ಚು ಹಾಕಿಸಿಕೊಟ್ಟರು, ಅಲ್ಲಿ ಸ್ಥಾನವಿದೆ, ಅಕ್ಷರವಿಲ್ಲ ಎಂದು ಮಕ್ಕಳಿಗೆ ಗೊತ್ತಾಗಲಿ ಎಂದು. ಆ ಚೌಕಟ್ಟು ನನ್ನ ಯೋಜನೆಯಲ್ಲಿರಲಿಲ್ಲ. ಈಗ ಪಾಠದಲ್ಲಿ ನಾನು ಅತಿ ಹೆಚ್ಚು ಬಾರಿ ಕೈಗೆತ್ತಿಕೊಳ್ಳುವ ಪಟ್ಟಿ ಅದೇ.

ಈ ಭಾಷೆಯನ್ನು ಎಷ್ಟು ಜನ ಆಡುತ್ತಾರೆ ಎಂದೂ ಅವರು ಕೇಳಿದರು. ನಿರರ್ಗಳವಾಗಿ ಆಡುವವರು ನೂರಕ್ಕಿಂತ ಕಡಿಮೆ ಎಂದು ಹೇಳಿದಾಗ ಮುದ್ರಣಾಲಯದಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಶಾಲೆಗಳಲ್ಲಿ ಅಲಾಸ್ಕಾದ ಮೂಲಭಾಷೆಗಳನ್ನಾಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. 1972ರಲ್ಲಿ ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದಲ್ಲಿ ಅಲಾಸ್ಕಾ ಮೂಲಭಾಷೆಗಳ ಕೇಂದ್ರ ಆರಂಭವಾಯಿತು. ಅಲ್ಲಿನ ಜೇಮ್ಸ್ ಕಾರಿ ಎಂಬ ಭಾಷಾವಿಜ್ಞಾನಿ ದೆನಾ’ಇನಾ ಹಿರಿಯರ ಜೊತೆ ದಶಕಗಳ ಕಾಲ ಕೆಲಸ ಮಾಡಿದರು. 1911ರಲ್ಲಿ ಹುಟ್ಟಿದ ಪೀಟರ್ ಕಲಿಫೋರ್ನ್‌ಸ್ಕಿ ಅರವತ್ತು ದಾಟಿದ ಮೇಲೆ ತನ್ನ ತಾಯ್ನುಡಿಯನ್ನು ಬರೆಯಲು ಕಲಿತು, 1993ರಲ್ಲಿ ತೀರಿಕೊಳ್ಳುವವರೆಗೆ ತನ್ನ ಜನರ ಕಥೆಗಳನ್ನೂ ಭಾಷೆಯ ಪಾಠಗಳನ್ನೂ ಬರೆದಿಟ್ಟರು. 2014ರಲ್ಲಿ ಅಲಾಸ್ಕಾ ರಾಜ್ಯ ತನ್ನ 20 ಮೂಲಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಾಗ ಆ ಪಟ್ಟಿಯಲ್ಲಿ ದೆನಾ’ಇನಾ ಕೂಡ ಇತ್ತು. ಕಲಿಫೋರ್ನ್‌ಸ್ಕಿಯವರ ವಿಷಯ ಹೇಳಿದ ಮೇಲೆ ಆ ತರುಣಿ ಕರಡಚ್ಚನ್ನು ಇನ್ನೊಮ್ಮೆ ತೆಗೆದು, ಮೇಲುಗೀಟುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಎರಡು ಕಡೆ ಬಿಟ್ಟುಹೋಗಿದ್ದು ಆಗ ಸಿಕ್ಕಿತು. ತಪ್ಪು ನನ್ನ ಮೂಲ ಕಡತದ್ದೇ ಆಗಿತ್ತು.

ಫಲಕವನ್ನು ತರಗತಿಯಲ್ಲಿ ಬಳಸಿದ ಮೇಲೆ ಅದರ ಬೆಲೆ ಗೊತ್ತಾಯಿತು. ಮೊದಲು ಧಾತುವಿನ ಕಿಂಡಿಯಲ್ಲಿ ‘ಲನ್’ ಎಂಬ, ಇರುವುದನ್ನು ಹೇಳುವ ಧಾತುವನ್ನು ನಿಲ್ಲಿಸಿ, ಕರ್ತೃವಿನ ಕಿಂಡಿಯಲ್ಲಿ ‘ಎಶ್’ ಎಂಬುದನ್ನು ಸರಿಸಿದೆ. ‘ಎಶ್‌ಲನ್’, ನಾನು ಇದ್ದೇನೆ, ಆಗಿದ್ದೇನೆ. ‘ಶುಂಕ್ಡ’ ಎಂದರೆ ನನ್ನ ತಾಯಿ ಎಂದು ಹೇಳಿದಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು “ಹಾಗಾದ್ರೆ ಶ್ ಅಂದ್ರೆ ನಾನು, ಅಲ್ವಾ ಸರ್?” ಎಂದು ತಾನಾಗಿಯೇ ಕಂಡುಕೊಂಡಳು. ‘ನಾವು’ ಎಂಬುದಕ್ಕೆ ‘ಚ್’’ ಪಟ್ಟಿಯನ್ನು ತೆಗೆದುಕೊಂಡಾಗ ಅದು ಆರನೆಯ ಕಿಂಡಿಗೆ ಹೋಗದೆ ಕರ್ಮದ ಪಕ್ಕದಲ್ಲಿ, ಇನ್ನಷ್ಟು ಎಡಕ್ಕೆ ಕೂರುವುದನ್ನು ಕಂಡು ಮಕ್ಕಳು ಗಲಿಬಿಲಿಗೊಂಡರು. ನಾನು ಮತ್ತು ನೀನು ಧಾತುವಿನ ಹತ್ತಿರ, ನಾವು ಮತ್ತು ಅವರು ದೂರ. ಕನ್ನಡದಲ್ಲಿ ಎನು, ಎವು, ಅರು ಎಲ್ಲವೂ ಒಂದೇ ಕಡೆ ಬರುವುದು ಅವರಿಗೆ ಅಂದು ಮೊದಲ ಬಾರಿಗೆ ಗಮನಕ್ಕೆ ಬಂತು.

ನಾಲ್ಕನೆಯ ಕಿಂಡಿಯ ದಿನ ಪಾಠ ಗಂಟೆ ಹೊಡೆದ ಮೇಲೂ ಮುಂದುವರಿಯಿತು. ಸ್ಥಳವನ್ನೋ ಪ್ರದೇಶವನ್ನೋ ಕುರಿತು ಹೇಳುವಾಗ ದೆನಾ’ಇನಾ ಕ್ರಿಯಾಪದದೊಳಗೆ, ಕಿರುನಾಲಗೆಯ ಬಳಿ ಹುಟ್ಟುವ ಒಂದು ಕಕಾರ ಸೇರಿಕೊಳ್ಳುತ್ತದೆ. ಇದಲ್ಲದೆ ಈ ಕುಟುಂಬದ ಭಾಷೆಗಳಲ್ಲಿ ವಸ್ತುವಿನ ಆಕಾರಕ್ಕೆ ತಕ್ಕಂತೆ ಧಾತುವೇ ಬದಲಾಗುತ್ತದೆ. ನವಾಹೊ ಭಾಷೆಯಲ್ಲಿ ದುಂಡಗಿನ ಗಟ್ಟಿ ವಸ್ತುವನ್ನು ಕೊಡುವುದಕ್ಕೆ ಒಂದು ಧಾತು, ಕೋಲಿನಂತೆ ನೆಟ್ಟಗಿರುವುದಕ್ಕೆ ಇನ್ನೊಂದು, ಹಗ್ಗದಂತೆ ಬಳುಕುವುದಕ್ಕೆ ಮತ್ತೊಂದು, ತೆರೆದ ಪಾತ್ರೆಯಲ್ಲಿರುವುದಕ್ಕೆ, ಜೀವ ಇರುವುದಕ್ಕೆ, ಮೆತ್ತಗೆ ಅಂಟುವುದಕ್ಕೆ ಬೇರೆ ಬೇರೆ. ಮೇಜಿನ ಮೇಲೆ ನಿಂಬೆಹಣ್ಣು, ಬೆತ್ತ, ಸುತಲಿ, ಲೋಟದಲ್ಲಿ ಮಜ್ಜಿಗೆ ಇಟ್ಟು, ಪ್ರತಿಯೊಂದಕ್ಕೂ ಯಾವ ಪಟ್ಟಿ ಎಂದು ಕೇಳಿದೆ. ದೋಸೆಯ ಹೋಟೆಲು ನಡೆಸುವವರ ಮಗನೊಬ್ಬ, ಬೆಣ್ಣೆ ಫ್ರಿಜ್‌ನಲ್ಲಿದ್ದರೆ ಗಟ್ಟಿ, ಹೆಂಚಿನ ಹತ್ತಿರವಿದ್ದರೆ ಮೆತ್ತಗೆ, ಆಗ ಧಾತು ಬದಲಾಗುತ್ತದೆಯೇ ಎಂದು ಕೇಳಿದ. ಇಂಥ ಪ್ರಶ್ನೆಗಾಗಿಯೇ ಫಲಕ ಮಾಡಿಸಿದ್ದು ಎಂದು ಅವನಿಗೆ ಹೇಳಿದೆ.

ಕೊರತೆಗಳನ್ನೂ ಮುಚ್ಚಿಡಬಾರದು. ಹೊಳಪಿನ ಲ್ಯಾಮಿನೇಷನ್ ಆಯ್ದುಕೊಂಡದ್ದು ತಪ್ಪಾಯಿತು. ಕಿಟಕಿಯ ಬೆಳಕು ಬಿದ್ದಾಗ ಬಲಬದಿಯ ಮಕ್ಕಳಿಗೆ ಏಳನೆಯ ಕಿಂಡಿಯೇ ಕಾಣುವುದಿಲ್ಲ. ಹೊಳಪಿಲ್ಲದ ಬಗೆಯೂ ಅವರಲ್ಲಿದೆ, ಅದನ್ನೇ ಕೇಳಬೇಕು. ಪಟ್ಟಿಗಳ ಮೂಲೆಗಳನ್ನು ದುಂಡಗೆ ಕತ್ತರಿಸಿರಲಿಲ್ಲ, ಎರಡು ವಾರದಲ್ಲಿ ಪದರು ಏಳತೊಡಗಿತು. ಮದುವೆಯ ಹಂಗಾಮಾದ್ದರಿಂದ ಹೇಳಿದ ದಿನಕ್ಕಿಂತ ಐದು ದಿನ ತಡವಾಗಿ ಕೊಟ್ಟರು. ಏಪ್ರಿಲ್ ಬಿಸಿಲಿಗೆ ಒಳಗಿನ ಕಿಂಡಿಗಳ ಪಟ್ಟಿಗಳು ಒಂದಕ್ಕೊಂದು ಹತ್ತಿಕೊಂಡು ಸರಿಯದೆ ನಿಂತವು.

ಈ ಕೊನೆಯ ತೊಂದರೆಗಿಂತ ದೊಡ್ಡದೊಂದು ಕೊರತೆ ನನ್ನ ನಕ್ಷೆಯಲ್ಲಿಯೇ ಇತ್ತು. ಭಾಷೆಯಲ್ಲಿಯೂ ಒಳಗಿನ ಪೂರ್ವಪ್ರತ್ಯಯಗಳು ಹೀಗೆಯೇ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ದಪ್ಪ ಗೆರೆಯ ಹೊರಗಿನವು ತಮ್ಮ ರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡರೆ, ಒಳಗಿನವು ಸ್ವರ ಕಳೆದುಕೊಂಡು, ಪಕ್ಕದ ವ್ಯಂಜನದೊಡನೆ ಬೆರೆತು, ಬಿಡಿಸಿ ತೋರಿಸಲು ಬಾರದ ಹಾಗೆ ಕೂಡಿಹೋಗುತ್ತವೆ. ‘ನಾವು ಇದ್ದೇವೆ’ ಎಂಬುದಕ್ಕೆ ‘ಚ್’ಇಲನ್’ ಎಂದು ಓದಿದಾಗ, ನಡುವಿನ ‘ಇ’ ಯಾವ ಕಿಂಡಿಯಿಂದ ಬಂತು ಎಂದು ಮಕ್ಕಳು ಫಲಕವನ್ನು ಹುಡುಕಿದರು. ಫಲಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಧಾತುವೂ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಕ್ರಿಯೆ ಮುಗಿದಾಗ, ನಡೆಯುತ್ತಿರುವಾಗ ಅದರ ಆಕಾರ ಬದಲಾಗುತ್ತದೆ. ನಮ್ಮ ‘ಬರು’ ಎಂಬುದು ‘ಬಂದ’ ಆಗುವಂತೆ, ‘ಕೊಡು’ ‘ಕೊಟ್ಟ’ ಆಗುವಂತೆ ಎಂದು ಹೇಳಿ, ಲೋಪ, ಆಗಮ, ಆದೇಶ ಸಂಧಿಗಳನ್ನು ನೆನಪಿಸಿ ಅಂದಿನ ಪಾಠವನ್ನು ನಡೆಸಿದೆ. ಆದರೆ ಕಿಂಡಿಗಳ ಅಚ್ಚುಕಟ್ಟುತನ ನೋಡುವವರನ್ನು ತಪ್ಪು ದಾರಿಗೆ ಎಳೆಯುತ್ತದೆ ಎಂಬುದು ನಿಜ.

ಇದನ್ನು ಹೋಗಿ ಹೇಳಿದಾಗ ಹಿರಿಯರು ಹೆಚ್ಚಿನ ಹಣ ಕೇಳದೆ, ಎರಡು ಕಿಂಡಿಗಳ ಅಗಲಕ್ಕೆ ಸರಿಹೊಂದುವ ಆರು ಜೋಡು ಪಟ್ಟಿಗಳನ್ನು ಮಾಡಿಕೊಟ್ಟರು. ಅವುಗಳ ಮೇಲೆ ಕೂಡಿದ ರೂಪ ದೊಡ್ಡದಾಗಿಯೂ ಬಿಡಿಸಿದ ಭಾಗಗಳು ಕೆಳಗೆ ಸಣ್ಣದಾಗಿಯೂ ಇವೆ. ಮೂಲೆಗಳನ್ನು ಈ ಬಾರಿ ಕೇಳದೆಯೇ ದುಂಡಗೆ ಕತ್ತರಿಸಿದ್ದರು. ಫಲಕ, 42 ಪಟ್ಟಿಗಳು, ಎರಡು ಸಲದ ಕರಡಚ್ಚು ಎಲ್ಲ ಸೇರಿ 1,850 ರೂಪಾಯಿ ಆಯಿತು. ಅಗ್ಗವಲ್ಲ, ಆದರೆ ಅಕ್ಷರದ ಮೇಲಿನ ಗೀಟು ಬೇಕೇ ಎಂದು ಕೇಳುವವರು ಸಿಗುವ ಬೆಲೆ ಅದು ಎಂದರೆ ನಾನು ಸಂತೋಷದಿಂದ ಕೊಡುತ್ತೇನೆ. ಹೋಗುವವರು ತಮ್ಮ ಕಡತವನ್ನು ಯೂನಿಕೋಡ್‌ನಲ್ಲಿಯೇ ಕೊಡಬೇಕು, ಜೊತೆಗೆ ಕೈಯಲ್ಲಿ ಬರೆದ ಒಂದು ಪ್ರತಿಯನ್ನೂ ಒಯ್ಯಬೇಕು, ಕರಡಚ್ಚಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಕಳೆದ ವಾರ ಎರಡನೆಯ ಫಲಕಕ್ಕೆ ಹೇಳಿ ಬಂದಿದ್ದೇನೆ. ಅದು ಕನ್ನಡದ್ದು: ಧಾತು ಎಡತುದಿಯಲ್ಲಿ, ಇಸು, ಕಾಲ, ಆಖ್ಯಾತಗಳ ಕಿಂಡಿಗಳು ಬಲಕ್ಕೆ, ಮೊದಲನೆಯದರ ಪಕ್ಕದಲ್ಲಿಟ್ಟರೆ ಎರಡು ಧಾತುಗಳೂ ಅಕ್ಕಪಕ್ಕ ಬರುವ ಹಾಗೆ. ಅಳತೆ ಬರೆದುಕೊಂಡ ಆ ತರುಣಿ, “ಇದರಲ್ಲೂ ಖಾಲಿ ಪಟ್ಟಿ ಎಷ್ಟು ಬೇಕು ಸರ್?” ಎಂದು ಕೇಳಿದಳು. ‘ಮಾಡು’ ಎಂಬುದಕ್ಕಾಗಿ ಒಂದು ಎಂದು ಬರೆಸಿದ್ದೇನೆ.